ಭದ್ರೆಯ ದಂಡೆಯ ಕಂಪನಿ ಊರು ಊರಾಗದೆ ಉಳಿದದ್ದೇಕೆ

ಕಳಸದಿಂದ ಕಾರ್ಕಳದ ಕಡೆಗೆ ಹೊರಟರೆ ಭದ್ರಾ ಹೊಳೆಯ ಮಗ್ಗುಲಲ್ಲಿ ಕುದುರೆಮುಖ ಸಿಗುತ್ತದೆ. ಸುತ್ತಲಿನವರ ಬಾಯಲ್ಲಿ ಅದು ಇವತ್ತಿಗೂ ಮಲ್ಲೇಶ್ವರ. ಕಬ್ಬಿಣದ ಗಣಿ ಕಂಪನಿ ತನ್ನ ಕೆಲಸಗಾರರಿಗೆಂದು ಕಟ್ಟಿದ ಊರು ಇದು. ಸಾಲಾಗಿ ನಿಂತ ಕ್ವಾರ್ಟರ್ಸ್‌ಗಳ ಗೋಡೆಗೆ ಪಾಚಿ ಹತ್ತಿದೆ, ಎಷ್ಟೋ ಬಾಗಿಲುಗಳಿಗೆ ಬೀಗ ಬಿದ್ದು ವರ್ಷಗಳಾಗಿವೆ. 2001ರ ಜನಗಣತಿಯ ಹೊತ್ತಿಗೆ ಇಲ್ಲಿ ಸುಮಾರು 8 ಸಾವಿರ ಜನರಿದ್ದರು. ರಸ್ತೆ, ಆಸ್ಪತ್ರೆ, ಶಾಲೆ, ಕೊಳಾಯಿ ನೀರು ಎಲ್ಲವೂ ಇದ್ದವು. ಗಣಿ ನಿಂತಮೇಲೆ ಇಷ್ಟೆಲ್ಲ ಇದ್ದ ಜಾಗ ವಾಸದ ಊರಾಗಿ ಮುಂದುವರಿಯಬಹುದಿತ್ತಲ್ಲ ಎಂದು ಮಲೆನಾಡಿನವರು ಇಂದಿಗೂ ಕೇಳುತ್ತಾರೆ. ಆಗಲಿಲ್ಲ. ಕಾರಣ ಬೇಕಾದರೆ ಅದಿರಿನಿಂದಲೇ ಶುರುಮಾಡಬೇಕು.

ಈ ಬೆಟ್ಟಗಳಲ್ಲಿ ಕಬ್ಬಿಣವಿದೆ ಎಂದು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್ 1913ರಲ್ಲೇ ಗುರುತಿಸಿದ್ದರು. ಆದರೂ ಅರ್ಧ ಶತಮಾನ ಯಾರೂ ಕೈಹಾಕಲಿಲ್ಲ. ಬಳ್ಳಾರಿಯ ಅದಿರನ್ನು ಅಗೆದು ಲಾರಿಗೆ ತುಂಬಿದರೆ ಮುಗಿಯಿತು. ಇಲ್ಲಿಯದು ಮ್ಯಾಗ್ನೆಟೈಟ್, ಅದರಲ್ಲಿ ಕಬ್ಬಿಣ ಶೇ. 38ರ ಆಸುಪಾಸು ಮಾತ್ರ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಆಯಸ್ಕಾಂತದ ಉರುಳೆಗಳ ಮೇಲೆ ಹಾಯಿಸಿ ಕಬ್ಬಿಣದ ಕಣಗಳನ್ನು ಹೆಕ್ಕಬೇಕು. ಹಾಗೆ ಹೆಕ್ಕಿದ ಸಾಂದ್ರ ಅದಿರಿನಲ್ಲಿ ಕಬ್ಬಿಣ ಸುಮಾರು ಶೇ. 67ಕ್ಕೆ ಏರುತ್ತದೆ. ಇದಕ್ಕೆ ದೊಡ್ಡ ಬಂಡವಾಳವೂ ನಂಬಿಕೆಯ ಗಿರಾಕಿಯೂ ಬೇಕಿತ್ತು.

ಗಿರಾಕಿ ಸಿಕ್ಕಿದ್ದು ಇರಾನ್‌ನಲ್ಲಿ. 1975ರ ಒಪ್ಪಂದದಂತೆ ಆ ದೇಶ 63 ಕೋಟಿ ಡಾಲರ್ ಸಾಲ ಕೊಟ್ಟು ಅದಿರನ್ನೂ ಕೊಳ್ಳಬೇಕಿತ್ತು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಕಾಡು ಕಡಿದು, ರಸ್ತೆ ತೆಗೆದು, ಗಿರಣಿಯನ್ನೂ ಊರನ್ನೂ ಒಟ್ಟಿಗೇ ಕಟ್ಟಿದರು. 1979ರಲ್ಲಿ ಇರಾನ್‌ನಲ್ಲಿ ಕ್ರಾಂತಿಯಾಗಿ ಷಾ ಆಡಳಿತ ಉರುಳಿತು, ಒಪ್ಪಂದ ಮುರಿಯಿತು. ಮರುವರ್ಷ ಗಿರಣಿ ಸಿದ್ಧವಾದಾಗ ಮಾಲು ಕೊಳ್ಳುವವರೇ ಇರಲಿಲ್ಲ. ಬೇರೆ ದೇಶಗಳ ಗಿರಾಕಿಗಳನ್ನು ಹುಡುಕಿ, 1987ರಲ್ಲಿ ಮಂಗಳೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ (ಪೆಲೆಟ್) ಕಟ್ಟುವ ಘಟಕ ಶುರುಮಾಡಿದ ಮೇಲೆ ಕಂಪನಿ ಕಾಲೂರಿತು.

ಊರಿನ ಹಣೆಬರಹ ಅಡಗಿದ್ದುದು ಈ ಕೆಲಸದ ಲೆಕ್ಕದಲ್ಲೇ. ಗಿರಣಿಯ ಸಾಮರ್ಥ್ಯ ವರ್ಷಕ್ಕೆ 75 ಲಕ್ಷ ಟನ್ ಸಾಂದ್ರ ಅದಿರು. ಅಷ್ಟು ಸಿಗಬೇಕಾದರೆ 2.26 ಕೋಟಿ ಟನ್ ಕಲ್ಲು ಅಗೆಯಬೇಕು. ಅಂದರೆ ಮೂರು ಪಾಲಿನಲ್ಲಿ ಒಂದು ಪಾಲು ಮಾಲು, ಎರಡು ಪಾಲು ರಾಡಿ. ಮಾಲಿನ ದಾರಿ ಸುಲಭದ್ದು. ನೀರಿನಲ್ಲಿ ಕಲಸಿದ ಅದಿರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿನ ಬಂದರಿರುವ ಪಣಂಬೂರು ಮುಟ್ಟುತ್ತಿತ್ತು. ಇಳಿಜಾರೇ ಹೆಚ್ಚಿನ ಕೆಲಸ ಮಾಡುತ್ತಿದ್ದುದರಿಂದ ಲಾರಿಯೂ ಬೇಡ, ರೈಲೂ ಬೇಡ. ಆದರೆ ಇಂಥ ಕೊಳವೆಗೆ ತನ್ನದೇ ಕಾಯಿಲೆಗಳಿವೆ. ಹರಿವು ನಿಧಾನವಾದರೆ ಕಣಗಳು ತಳಕ್ಕೆ ಕೂತು ಕಟ್ಟಿಕೊಳ್ಳುತ್ತವೆ. ವೇಗ ಹೆಚ್ಚಾದರೆ ಒಳಮೈ ಉಜ್ಜಿ ತೆಳುವಾಗಿ ಒಂದು ದಿನ ಒಡೆಯುತ್ತದೆ. ಒಡೆದರೆ ಕಪ್ಪು ಕೆಸರು ನೇರ ಹಳ್ಳಕ್ಕೆ.

ಉಳಿದ ಎರಡು ಪಾಲು ರಾಡಿಗಾಗಿ ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಕಟ್ಟಿದರು. ರಾಡಿ ಅಲ್ಲಿ ತಳ ಕೂರುತ್ತದೆ, ಮೇಲಿನ ತಿಳಿನೀರು ಗಿರಣಿಗೆ ಮರಳುತ್ತದೆ. ಕಾಗದದ ಮೇಲೆ ಏರ್ಪಾಡು ಚೆನ್ನಾಗಿತ್ತು. ಆದರೆ ಹೊಳೆಗೆ ಹೂಳು ಬರುತ್ತಿದ್ದುದು ಗಿರಣಿಯಿಂದಷ್ಟೇ ಅಲ್ಲ, ಅಗೆದು ಬೆತ್ತಲಾದ ಗುಡ್ಡದಿಂದ. ಇಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹುಲ್ಲಿನ ಬೇರು ಹಿಡಿದಿಟ್ಟಿದ್ದ ಮಣ್ಣನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ಮೇಲೆ ಆಷಾಢದ ಒಂದು ಜಡಿಮಳೆ ಸಾಕು. ಮೇಲ್ಭಾಗದ ಭದ್ರಾ ಜಲಾನಯನದಲ್ಲಿ ಗಣಿಯ ವಿಸ್ತೀರ್ಣ ಶೇಕಡಾ ಒಂದಕ್ಕಿಂತಲೂ ಕಡಿಮೆ; ಹೊಳೆ ಹೊತ್ತ ಹೂಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಯದೇ. ಅದೇ ನೀರು ಲಕ್ಕವಳ್ಳಿಯ ಭದ್ರಾ ಜಲಾಶಯ ತುಂಬಿ ಶಿವಮೊಗ್ಗ, ದಾವಣಗೆರೆಯ ಗದ್ದೆ ತೋಟಗಳಿಗೆ ಹೋಗಬೇಕು. ಗಣಿಯ ಪ್ರಶ್ನೆ ಚಿಕ್ಕಮಗಳೂರಿನದಷ್ಟೇ ಆಗಿ ಉಳಿಯದಿದ್ದುದು ಹೀಗೆ.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಸಿಂಗಳೀಕದ ನೆಲೆಗಳಲ್ಲಿ ಮುಖ್ಯವಾದದ್ದೂ ಇದೇ. 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು, 2001ರಲ್ಲಿ ಅಂತಿಮ ಅಧಿಸೂಚನೆ ಬಂತು. ಗಣಿ ಗುತ್ತಿಗೆ 1969ರದು, ಮೂವತ್ತು ವರ್ಷಕ್ಕೆ, 4604 ಹೆಕ್ಟೇರಿಗೆ. 1999ರ ಜುಲೈಗೆ ಅದು ಮುಗಿದ ಮೇಲೆ ಗಣಿ ನಡೆದದ್ದು ತಾತ್ಕಾಲಿಕ ಅನುಮತಿಗಳ ಮೇಲೆ. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟಿತು. ಅದರಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಕಂಪನಿ ಮುಚ್ಚಲಿಲ್ಲ, ಹೊರಗಿನ ಅದಿರು ತರಿಸಿ ಮಂಗಳೂರಿನಲ್ಲಿ ಉಂಡೆ ಕಟ್ಟುವುದನ್ನು ಮುಂದುವರಿಸಿತು. ಕೆಲಸ ಘಟ್ಟ ಇಳಿಯಿತು, ಜನ ಅದರ ಹಿಂದೆ ಹೋದರು.

ಜನ ಉಳಿಯಬಹುದಿತ್ತಲ್ಲ ಎಂಬ ಪ್ರಶ್ನೆಗೆ ಈಗ ಬರೋಣ. ಪಟ್ಟಣದ ಪಕ್ಕದ ಹಳೇ ಮಿಲ್ಲೋ ಗೋದಾಮೋ ಬಡಾವಣೆಯಾಗುವ ದಾರಿ ಗೊತ್ತಿರುವಂಥದ್ದು. ಮೊದಲು ಯೋಜನಾ ಪ್ರಾಧಿಕಾರದಿಂದ ಕೈಗಾರಿಕೆಯ ಜಾಗವನ್ನು ವಸತಿಗೆ ಬದಲಿಸಿಕೊಳ್ಳಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಆಮೇಲೆ ಬಡಾವಣೆ ನಕ್ಷೆಗೆ ಒಪ್ಪಿಗೆ, ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಲಭ್ಯದ ಜಾಗವನ್ನು ಬಿಟ್ಟುಕೊಡುವುದು, ಕೊನೆಗೆ ಸೈಟಿನ ಖಾತೆ. ಖಾತೆ ಕೈಗೆ ಬಂದರೆ ಬ್ಯಾಂಕ್ ಸಾಲ ಕೊಡುತ್ತದೆ, ಸೋರುವ ಚಾವಣಿಯನ್ನು ಮನೆಯವರೇ ರಿಪೇರಿ ಮಾಡಿಸುತ್ತಾರೆ, ಬೀದಿ ತುದಿಯಲ್ಲಿ ಅಂಗಡಿ ಏಳುತ್ತದೆ.

ಕುದುರೆಮುಖದಲ್ಲಿ ಈ ಸರಪಳಿಯ ಮೊದಲ ಕೊಂಡಿಯೇ ಇಲ್ಲ. ಕ್ವಾರ್ಟರ್ಸ್‌ನಲ್ಲಿ ಇಪ್ಪತ್ತು ವರ್ಷ ಬಾಳಿದವರ ಹೆಸರಿನಲ್ಲೂ ಅಂಗೈಯಗಲ ನೆಲ ಇರಲಿಲ್ಲ. ಮನೆ ಕಂಪನಿಯದು, ಕೆಲಸ ಇರುವತನಕ ಮಾತ್ರ. ಅರಣ್ಯದ ನೆಲವನ್ನು ಬೇರೆ ಬಳಕೆಗೆ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಒಪ್ಪಿಗೆ ಬೇಕು. ಅರಣ್ಯವನ್ನಾಗಲಿ ಉದ್ಯಾನವನ್ನಾಗಲಿ ಮೀಸಲಿನಿಂದ ತೆಗೆಯಲು ತನ್ನ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2000ದ ನವೆಂಬರ್‌ನಲ್ಲೇ ಹೇಳಿದೆ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಈ ಉದ್ಯಾನವೂ ಒಂದು. ಪ್ರವಾಸಿ ಪಟ್ಟಣ ಮಾಡುವ ಮಾತು ಆಗಾಗ ಏಳುತ್ತದೆ. ಅಂಥ ಯೋಜನೆಗಳೆಲ್ಲ ಕಟ್ಟಡಗಳ ಲೆಕ್ಕದಿಂದ ಶುರುವಾಗುತ್ತವೆ, ನೆಲದ ಲೆಕ್ಕ ಕೊನೆಗೆ ಬರುತ್ತದೆ. ತೊಡಕಿರುವುದು ಅಲ್ಲೇ.

ಕಟ್ಟಡಗಳೂ ಕಾಯುವುದಿಲ್ಲ. ಈ ಮಳೆಗೆ ಪ್ರತಿ ಮೇ ತಿಂಗಳಲ್ಲಿ ಚಾವಣಿಯ ಎಲೆಕಸ ಬಳಿದು, ನೀರು ಹೋಗುವ ಕೊಳವೆ ಬಿಡಿಸಿ, ಬಿರುಕಿಗೆ ಗಾರೆ ತುಂಬಲೇಬೇಕು. ಒಂದು ವರ್ಷ ಬಿಟ್ಟರೆ ಸ್ಲ್ಯಾಬಿನ ಮೇಲೆ ನೀರು ನಿಲ್ಲುತ್ತದೆ, ಕೂದಲೆಳೆಯ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಊದಿಕೊಂಡು ಕೆಳಗಿನ ಕಾಂಕ್ರೀಟನ್ನು ಹಪ್ಪಳೆಯಾಗಿ ಉದುರಿಸುತ್ತದೆ. ಒಲೆ ಉರಿಯದ, ಕಿಟಕಿ ತೆರೆಯದ ಮನೆಯಲ್ಲಿ ತೇವ ಆರುವುದೇ ಇಲ್ಲ. ಬಾಗಿಲ ಚೌಕಟ್ಟು ಬುಡದಿಂದ ಕೊಳೆಯುತ್ತದೆ, ಗೋಡೆಯೊಳಗಿನ ವಿದ್ಯುತ್ ತಂತಿ ಹಾಳಾಗುತ್ತದೆ. ಇಷ್ಟು ವರ್ಷ ಖಾಲಿ ನಿಂತ ಸಾಲುಗಳನ್ನು ಬಣ್ಣ ಹೊಡೆದು ವಾಸಕ್ಕೆ ಕೊಡುತ್ತೇವೆ ಎಂದರೆ ನಂಬಬಾರದು. ಸರಳಿನ ಗತಿ ಏನಾಗಿದೆ ಎಂದು ಒಂದೊಂದು ಮನೆಯನ್ನೂ ತಟ್ಟಿ ನೋಡಿಯೇ ತೀರ್ಮಾನಿಸಬೇಕು.

ಗಣಿಯಾದ ಗುಡ್ಡ ಮತ್ತೆ ಹಸಿರಾಗುತ್ತಿದೆ. ಆದರೆ ಹಸಿರು ಕಂಡ ಕೂಡಲೇ ಶೋಲಾ, ಅಂದರೆ ಘಟ್ಟದ ಕಣಿವೆಗಳ ದಟ್ಟ ಹಳೇ ಕಾಡು, ಮರಳಿತು ಎಂದುಕೊಳ್ಳಬಾರದು. ಮೇಲ್ಮಣ್ಣೇ ಹೋದ ಜಾಗದಲ್ಲಿ ಮೊದಲು ನಿಲ್ಲುವುದು ಗಟ್ಟಿ ಹುಲ್ಲು ಮತ್ತು ನೆಟ್ಟ ಮರಗಳು. ಮಡಿಲಲ್ಲಿ ನೀರು ಹಿಡಿದು ಬೇಸಿಗೆಯಲ್ಲಿ ಹೊಳೆಗೆ ಬಿಡುವ ಶೋಲಾ ಕಾಡು ಒಂದೆರಡು ತಲೆಮಾರಿನಲ್ಲಿ ಕಟ್ಟಿಕೊಳ್ಳುವಂಥದ್ದಲ್ಲ.

ಲಕ್ಯಾ ಕಟ್ಟೆ ಮಾತ್ರ ಊರಿದ್ದರೂ ಇಲ್ಲದಿದ್ದರೂ ಕಾವಲು ಬೇಡುತ್ತದೆ. ಅದರ ಹಿಂದಿರುವುದು ನೀರು ಕುಡಿದ ನುಣ್ಣನೆಯ ರಾಡಿ, ಎಲ್ಲೂ ಹೋಗದೆ ಅಲ್ಲೇ ಇರುವಂಥದ್ದು. ಕೋಡಿಗೆ ಬಿದ್ದ ಮರವೋ ಕುಸಿದ ಮಣ್ಣೋ ಅಡ್ಡವಾದರೆ ಮಳೆನೀರು ಏರಿಯ ಮೇಲೆ ಹತ್ತುತ್ತದೆ. ಮಣ್ಣಿನ ಏರಿ ಅದನ್ನು ತಾಳುವುದಿಲ್ಲ. ಏರಿಯ ಬುಡದಲ್ಲಿ ಒಸರುವ ನೀರನ್ನು ಮಳೆಗಾಲದುದ್ದಕ್ಕೂ ಗಮನಿಸುತ್ತಿರಬೇಕು. ಪ್ರಮಾಣ ಹೋದ ವರ್ಷದಷ್ಟೇ ಇದ್ದು, ಗಾಜಿನ ಲೋಟದಲ್ಲಿ ಹಿಡಿದರೆ ತಿಳಿಯಾಗಿದ್ದರೆ ಸರಿ. ಪ್ರಮಾಣ ಏರಿ ಲೋಟದ ತಳದಲ್ಲಿ ಕಣ ಕೂತರೆ ಏರಿ ಒಳಗಿನಿಂದ ಕೊಚ್ಚಿಹೋಗುತ್ತಿದೆ ಎಂದರ್ಥ, ಆಗ ಅದೇ ದಿನ ಕೆಳದಂಡೆಯ ಊರುಗಳಿಗೆ ತಿಳಿಸಬೇಕು. ಈ ಅಳತೆ ಕಂಪನಿಯ ಕಡತದಲ್ಲಷ್ಟೇ ಉಳಿಯದೆ ಪ್ರತಿ ಮಳೆಗಾಲ ಕಳಸದ ಪಂಚಾಯಿತಿಯ ಫಲಕದ ಮೇಲೂ ಬರಬೇಕು.