ಟ್ಯಾಂಕ್ ತುಂಬಿದ್ದರೂ ಗಾಡಿ ಎಳೆಯಲಿಲ್ಲ: ಅಮೆರಿಕದ ಮೋಟಾರ್‌ಹೋಮ್‌ಗಳ ಡಿಇಎಫ್ ತಾಪತ್ರಯ

2021ರ ಬೇಸಿಗೆಯಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಒಂದು ವಿಚಿತ್ರ ತೊಂದರೆ ಶುರುವಾಯಿತು. ಬಸ್ಸಿನಷ್ಟೇ ಉದ್ದದ, ಒಳಗೆ ಮಂಚ, ಒಲೆ, ಬಚ್ಚಲು ಎಲ್ಲ ಇರುವ ಡೀಸೆಲ್ ಮೋಟಾರ್‌ಹೋಮ್‌ಗಳು ದಾರಿಯಲ್ಲೇ ಮಲಗತೊಡಗಿದವು. ಎಂಜಿನ್ ಕೆಟ್ಟಿರಲಿಲ್ಲ. ಡೀಸೆಲ್ ಇತ್ತು. ಹೊಗೆ ಶುಚಿ ಮಾಡುವ ದ್ರವವಾದ ಡಿಇಎಫ್‌ನ ಟ್ಯಾಂಕ್ ಕೂಡ ತುಂಬಿತ್ತು. ಆದರೆ ಆ ಟ್ಯಾಂಕಿನೊಳಗಿನ ಒಂದು ಸೆನ್ಸರ್ ಸತ್ತಿತ್ತು. ಅಷ್ಟಕ್ಕೇ ಗಾಡಿಯ ಕಂಪ್ಯೂಟರ್ ವೇಗವನ್ನು ಗಂಟೆಗೆ 5 ಮೈಲಿಗೆ, ಅಂದರೆ 8 ಕಿ.ಮೀ.ಗೆ ಇಳಿಸಿ ಕೂತಿತ್ತು. ಬೇರೆ ಸೆನ್ಸರ್ ಹಾಕಿಸೋಣ ಅಂದರೆ ದೇಶದಲ್ಲೆಲ್ಲೂ ಸ್ಟಾಕ್ ಇಲ್ಲ. ಕೋವಿಡ್ ಕಾಲದಲ್ಲಿ ಇದ್ದ ಮನೆ ಮಾರಿ ಈ ಗಾಡಿಯಲ್ಲೇ ಸಂಸಾರ ಹೂಡಿದವರೂ ಇದ್ದರು. ಅವರ ಮನೆಯೇ ಗ್ಯಾರೇಜಿನ ಅಂಗಳದಲ್ಲಿ ನಿಂತಿತು.

ಸೆನ್ಸರ್ ಕೆಡುವುದು ಹೊಸದೇನಲ್ಲ. ಕೆಟ್ಟರೆ ದೀಪ ಹತ್ತಬೇಕು, ಅಷ್ಟೇ ಅಲ್ವಾ? ಗಾಡಿಯನ್ನೇ ಕಟ್ಟಿಹಾಕುವುದು ಯಾಕೆ? ಅದಕ್ಕೆ ಉತ್ತರ ಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2001ರಲ್ಲಿ ಭಾರಿ ಡೀಸೆಲ್ ಎಂಜಿನ್‌ಗಳಿಗೆ ಹೊಸ ನಿಯಮ ತಂದಿತು. 2007ರಿಂದ ಹಂತ ಹಂತವಾಗಿ ಜಾರಿಯಾಗಿ 2010ಕ್ಕೆ ಪೂರ್ತಿ ಅನ್ವಯ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ಹತ್ತರಲ್ಲಿ ಒಂಬತ್ತು ಪಾಲಿಗೂ ಜಾಸ್ತಿ ತಗ್ಗಿಸಬೇಕಿತ್ತು. ನಗರಗಳ ಮಬ್ಬಿಗೆ, ಮಕ್ಕಳ ಉಬ್ಬಸಕ್ಕೆ ಈ ಅನಿಲಗಳ ಪಾಲು ದೊಡ್ಡದು. ಹಾಗಾಗಿ ನಿಯಮದ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ.

ಗುರಿ ಮುಟ್ಟಲು ಎರಡು ದಾರಿಗಳಿದ್ದವು. ಒಂದು, ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೇ ಕಳಿಸಿ ಉರಿಯ ಬಿಸಿ ತಗ್ಗಿಸುವುದು. ಇದು ಇಜಿಆರ್. ಇನ್ನೊಂದು, ಹೊರಬಂದ ಹೊಗೆಗೆ ಸೈಲೆನ್ಸರ್ ದಾರಿಯಲ್ಲಿ ಔಷಧ ಸಿಂಪಡಿಸುವುದು. ಇದು ಎಸ್‌ಸಿಆರ್. ಆ ಔಷಧವೇ ಡಿಇಎಫ್. ನಮ್ಮ ಬಂಕುಗಳಲ್ಲಿ ಆಡ್‌ಬ್ಲೂ ಅಂತ ಕೇಳುತ್ತೇವಲ್ಲ, ಅದೇ. ಅದರಲ್ಲಿ 32.5% ಯೂರಿಯಾ, ಉಳಿದದ್ದು ಖನಿಜ ತೆಗೆದ ಶುದ್ಧ ನೀರು. ಬಿಸಿ ಹೊಗೆಗೆ ತಾಗಿದ ಕೂಡಲೇ ಯೂರಿಯಾ ಅಮೋನಿಯಾ ಆಗುತ್ತದೆ. ಆ ಅಮೋನಿಯಾ ಕ್ಯಾಟಲಿಸ್ಟ್ ಮೇಲೆ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ಬರೀ ನೈಟ್ರೋಜನ್ ಮತ್ತು ನೀರಿನ ಆವಿಯಾಗಿ ಹೊರಬೀಳುತ್ತದೆ. ನೂರು ಲೀಟರ್ ಡೀಸೆಲ್ ಉರಿದರೆ ಸುಮಾರು ಎರಡು ಮೂರು ಲೀಟರ್ ಡಿಇಎಫ್ ಖರ್ಚಾಗುತ್ತದೆ.

ಇಲ್ಲೊಂದು ಪೇಚು ಇತ್ತು. ಡಿಇಎಫ್ ಇಲ್ಲದಿದ್ದರೂ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಹೊಗೆ ಮಾತ್ರ ಕೊಳಕಾಗುತ್ತದೆ. ಅಂದ ಮೇಲೆ ದುಡ್ಡು ಕೊಟ್ಟು ಯಾರು ಇದನ್ನು ತುಂಬಿಸುತ್ತಾರೆ? ಹಾಗಾಗಿ ಇಪಿಎ ಎಂಜಿನ್ ಕಂಪನಿಗಳಿಗೆ ಒಂದು ಷರತ್ತು ಹಾಕಿತು. ಟ್ಯಾಂಕ್ ಬರಿದಾಗುತ್ತಾ ಬಂದರೆ ಮೊದಲು ಎಚ್ಚರಿಕೆ, ಆಮೇಲೆ ಪಿಕಪ್ ಕಡಿತ, ಕೊನೆಗೆ ಗಂಟೆಗೆ 5 ಮೈಲಿ. ನಡುರಸ್ತೆಯಲ್ಲಿ ಅಪಘಾತವಾಗಬಾರದು ಅಂತ ಈ ಕೊನೆಯ ಹಂತ ಓಡುತ್ತಿರುವಾಗಲೇ ಬರುವುದಿಲ್ಲ. ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗಲೋ ಡೀಸೆಲ್ ತುಂಬಿಸಿದ ಮೇಲೋ ಬರುತ್ತದೆ. ಬಂಕಿಗೆ ಗಾಡಿ ನುಗ್ಗಿಸಿದವರು ಅಲ್ಲಿಂದ ಹೊರಡಲಾಗದೆ ಕೂತದ್ದು ಇದರಿಂದಲೇ.

ಕಥೆಯ ತಿರುವು ಇರುವುದು 2010ರಲ್ಲಿ. ಬಹುತೇಕ ಎಂಜಿನ್ ಕಂಪನಿಗಳು ಎಸ್‌ಸಿಆರ್ ಕಡೆ ಹೋದರೆ, ನ್ಯಾವಿಸ್ಟಾರ್ ಮಾತ್ರ ಇಜಿಆರ್ ಸಾಕು ಎಂದು ಹಟ ಹಿಡಿದಿತ್ತು. ಪ್ರತಿಸ್ಪರ್ಧಿಗಳ ಲಾರಿಗಳನ್ನು ಓಡಿಸಿ ನೋಡಿಸಿ ಅದೊಂದು ವರದಿ ಹೊರತಂದಿತು. ಡಿಇಎಫ್ ಟ್ಯಾಂಕಿಗೆ ಬರೀ ನೀರು ಸುರಿದರೂ ಈ ಲಾರಿಗಳು ಆರಾಮಾಗಿ ಓಡುತ್ತವೆ ಅನ್ನುವುದು ಅದರ ದೂರು. ಸ್ವಂತ ಲಾಭಕ್ಕೆ ಎತ್ತಿದ ದೂರೇ ಇರಬಹುದು, ಆದರೆ ಸುಳ್ಳಾಗಿರಲಿಲ್ಲ. ಅದೇ ವರ್ಷದ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಎಲ್ ಮಾಂಟೆಯಲ್ಲಿ ಇಪಿಎ ಮತ್ತು ಆ ರಾಜ್ಯದ ವಾಯು ಮಂಡಳಿ ಸೇರಿ ಇದರ ಮೇಲೇ ಸಭೆ ನಡೆಸಿದವು. 2011ರಲ್ಲಿ ಇನ್ನೂ ಬಿಗಿಯಾದ ಮಾರ್ಗಸೂಚಿಯ ಕರಡು ಬಂತು. ಟ್ಯಾಂಕ್ ತುಂಬಿದೆಯಾ ಎಂದು ನೋಡಿದರೆ ಸಾಲದು, ತುಂಬಿರುವುದು ಡಿಇಎಫ್ ಹೌದಾ ಅಂತಲೂ ನೋಡಬೇಕು. ಸೆನ್ಸರಿನ ವೈರ್ ಕಿತ್ತರೂ ಅದನ್ನು ಮೋಸ ಎಂದೇ ಎಣಿಸಬೇಕು.

ತಮಾಷೆ ಏನೆಂದರೆ, ಮರುವರ್ಷವೇ ನ್ಯಾವಿಸ್ಟಾರ್ ಸೋತಿತು. ಅದರ ಎಂಜಿನ್ ಮಿತಿಯೊಳಗೆ ಬರಲೇ ಇಲ್ಲ. ದಂಡ ಕಟ್ಟಿ ಮಾರಲು ಇಪಿಎ ಕೊಟ್ಟ ತಾತ್ಕಾಲಿಕ ಅನುಮತಿಯನ್ನು 2012ರ ಜೂನ್‌ನಲ್ಲಿ ಕೋರ್ಟು ರದ್ದು ಮಾಡಿತು. ಕೊನೆಗೆ ಅದು ಇನ್ನೊಂದು ಎಂಜಿನ್ ಕಂಪನಿಯಾದ ಕಮಿನ್ಸ್‌ನಿಂದ ಎಸ್‌ಸಿಆರ್ ವ್ಯವಸ್ಥೆ ಕೊಂಡುಕೊಂಡಿತು. ದೂರು ಕೊಟ್ಟವರು ಜಾಗ ಬಿಟ್ಟರು, ಅವರಿಂದ ಬಿಗಿಯಾದ ನಿಯಮ ಮಾತ್ರ ಉಳಿಯಿತು.

ಹೀಗೆ ಟ್ಯಾಂಕಿನೊಳಗೆ ಡಿಇಎಫ್‌ನ ಗುಣಮಟ್ಟ ಅಳೆಯುವ ಸೆನ್ಸರ್ ಬಂತು. ದ್ರವದೊಳಗೆ ಅಲ್ಟ್ರಾಸೌಂಡ್ ಅಲೆ ಕಳಿಸಿ, ಅದು ಎಷ್ಟು ವೇಗದಲ್ಲಿ ಸಾಗಿತು ಅನ್ನುವುದರಿಂದ ಯೂರಿಯಾ ಪ್ರಮಾಣ ಅಳೆಯುವ ಸಣ್ಣ ಎಲೆಕ್ಟ್ರಾನಿಕ್ ಸಾಧನ ಅದು. ಮಟ್ಟ ಮತ್ತು ಬಿಸಿ ಅಳೆಯುವ ಸೆನ್ಸರ್‌ಗಳು, ಹೀರುವ ಕೊಳವೆ, ಚಳಿಗಾಲದಲ್ಲಿ ಬಿಸಿ ಮಾಡುವ ಕೊಳವೆ ಎಲ್ಲ ಸೇರಿಸಿ ಒಂದೇ ಘಟಕವಾಗಿ ಟ್ಯಾಂಕಿನ ಮೇಲೆ ಕೂರಿಸುತ್ತಾರೆ. ಅಲ್ಲಿನವರು ಅದನ್ನು ಡಿಇಎಫ್ ಹೆಡ್ ಅನ್ನುತ್ತಾರೆ. ಅದು ಸತ್ತರೆ ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೆ ಮೋಸವೇ ಎಂದುಕೊಳ್ಳಬೇಕು ಅಂತ ಅದಕ್ಕೆ ಕಲಿಸಿಟ್ಟಿದ್ದಾರೆ. ಥರ್ಮಾಮೀಟರ್ ಒಡೆದಿದೆ ಅಂತ ರೋಗಿಗೆ ಊಟ ನಿಲ್ಲಿಸಿದ ಹಾಗೆ.

ಇದರ ಅಪಾಯ ಮೊದಲೇ ಗೊತ್ತಿರಲಿಲ್ಲ ಅನ್ನುವಂತಿಲ್ಲ. 2012ರಲ್ಲೇ ಇಪಿಎ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ಗಾಡಿಗಳಿಗೆ ಪಿಕಪ್ ಕಡಿತದಿಂದ ವಿನಾಯಿತಿ ಪಡೆಯುವ ದಾರಿ ಮಾಡಿಕೊಟ್ಟಿತು. ಮೋಟಾರ್‌ಹೋಮ್‌ಗೆ ಅಂಥ ವಿನಾಯಿತಿ ಸಿಗಲಿಲ್ಲ. ಲಾರಿಗೆ ಬರೆದ ನಿಯಮವೇ ಅದಕ್ಕೂ.

ಆದರೆ ಲಾರಿಯೂ ಮೋಟಾರ್‌ಹೋಮೂ ಒಂದೇ ಥರ ಬದುಕುವುದಿಲ್ಲ. ಲಾರಿ ದಿನಾ ಓಡುತ್ತದೆ, ವಾರದಲ್ಲಿ ಹಲವು ಸಲ ಹೊಸ ಡಿಇಎಫ್ ಕಾಣುತ್ತದೆ. ಮೋಟಾರ್‌ಹೋಮ್ ತಿಂಗಳುಗಟ್ಟಲೆ ಸುಮ್ನೆ ನಿಂತಿರುತ್ತದೆ. ಡಿಇಎಫ್ ಹಾಳಾಗುವ ಪದಾರ್ಥ. 25 ಡಿಗ್ರಿಯಲ್ಲಿ ಒಂದೂವರೆ ವರ್ಷ ಬಾಳಿದರೆ, 35 ಡಿಗ್ರಿಯಲ್ಲಿ ಆರು ತಿಂಗಳಷ್ಟೇ. ಅರಿಜೋನಾದ ಬಿಸಿಲಲ್ಲಿ ನಿಂತ ಗಾಡಿಯ ಗತಿ ನೀವೇ ಊಹಿಸಿ. ನೀರಿನಂಶ ಆರಿದಲ್ಲೆಲ್ಲ ಬಿಳಿ ಹರಳು ಕಟ್ಟುತ್ತದೆ. ಇತ್ತ ಮೈನಸ್ 11 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಎಂಜಿನ್ ಆಫ್ ಆದ ಮೇಲೂ ಪಂಪು ಸ್ವಲ್ಪ ಹೊತ್ತು ಓಡಿ ಕೊಳವೆಯಲ್ಲಿ ಉಳಿದದ್ದನ್ನು ಟ್ಯಾಂಕಿಗೆ ಎಳೆದುಕೊಳ್ಳುತ್ತದೆ. ಗಾಡಿ ನಿಲ್ಲಿಸಿದ ತಕ್ಷಣ ಬ್ಯಾಟರಿ ಸ್ವಿಚ್ ಆರಿಸುವುದು ಮೋಟಾರ್‌ಹೋಮ್ ಮಾಲೀಕರ ಒಳ್ಳೆಯ ಅಭ್ಯಾಸ. ಇಲ್ಲಿ ಅದೇ ಮುಳುವಾಗುತ್ತದೆ, ಯಾಕೆಂದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಇನ್ನೊಂದು ಗೋಳು ಯಾರನ್ನು ಕೇಳಬೇಕು ಅನ್ನುವುದು. ಎಂಜಿನ್ ಬಹುಮಟ್ಟಿಗೆ ಕಮಿನ್ಸ್‌ನದು. ಚಾಸಿ, ಅಂದರೆ ಗಾಡಿಯ ತಳದ ಚೌಕಟ್ಟು, ಫ್ರೈಟ್‌ಲೈನರ್ ಅಥವಾ ಸ್ಪಾರ್ಟನ್ ಕಂಪನಿಯದು. ಮೇಲಿನ ಮನೆ ಕಟ್ಟಿದವರು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ಯಾವುದೋ ಕಂಪನಿ. ವೇಗ ಕಡಿಯುವುದು ಎಂಜಿನ್ ಸಾಫ್ಟ್‌ವೇರ್, ಕೆಟ್ಟಿರುವ ಡಿಇಎಫ್ ಹೆಡ್ ಬಂದದ್ದು ಚಾಸಿಯ ಜೊತೆ, ಗಾಡಿ ಮಾರಿದವರು ಮೂರನೆಯವರು. ಮಾಲೀಕ ಈ ಮೂವರ ನಡುವೆ ಫೋನ್ ಮಾಡುತ್ತಾ ಕೂರಬೇಕು.

ಇಷ್ಟೆಲ್ಲ ಇದ್ದರೂ 2020ರವರೆಗೆ ಹೇಗೋ ನಡೆಯುತ್ತಿತ್ತು. ಕೆಟ್ಟರೆ ಹೊಸ ಹೆಡ್ ಸಿಗುತ್ತಿತ್ತು. ಆಮೇಲೆ ಆ ಹೆಡ್‌ಗೂ ಬೇಕಾದ ಎಲೆಕ್ಟ್ರಾನಿಕ್ ಚಿಪ್‌ಗಳಿಗೆ ಬರ ಬಂತು. 2021ರ ಫೆಬ್ರವರಿಯ ಚಳಿಗಾಳಿಗೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಸ್ಯಾಮ್‌ಸಂಗ್, ಎನ್‌ಎಕ್ಸ್‌ಪಿ, ಇನ್ಫಿನಿಯನ್ ಚಿಪ್ ಘಟಕಗಳು ಕರೆಂಟಿಲ್ಲದೆ ನಿಂತವು. ಮಾರ್ಚ್ 19ರಂದು ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆಗೆ ಬೆಂಕಿ ಬಿತ್ತು. ವಾಹನಗಳ ಚಿಪ್ ಮೊದಲೇ ಕಮ್ಮಿಯಿತ್ತು, ಇನ್ನಷ್ಟು ಕಮ್ಮಿಯಾಯಿತು. ಸಿಗುವ ಅಷ್ಟಿಷ್ಟು ಸೆನ್ಸರ್ ಹೊಸ ಗಾಡಿ ಕಟ್ಟಲೂ ಬೇಕು, ಹಳೆಯ ಗಾಡಿ ರಿಪೇರಿಗೂ ಬೇಕು. ಅದೂ ಅಮೆರಿಕದಲ್ಲಿ ಟ್ರೇಲರ್ ಮನೆಗಳೂ ಸೇರಿ 6 ಲಕ್ಷ ಗಾಡಿ ತಯಾರಾದ ದಾಖಲೆ ವರ್ಷದಲ್ಲಿ.

ಪರಿಹಾರ ಬಂದದ್ದು ಸಾಫ್ಟ್‌ವೇರ್ ರೂಪದಲ್ಲಿ. ಮೋಟಾರ್‌ಹೋಮ್ ಉದ್ಯಮದ ಸಂಘ ದನಿಯೆತ್ತಿದ ಮೇಲೆ, ಇಪಿಎ ಒಪ್ಪಿಗೆ ಪಡೆದು ಕಮಿನ್ಸ್ ಒಂದು ತಾತ್ಕಾಲಿಕ ಪ್ಯಾಚ್ ಬಿಟ್ಟಿತು. ಸೆನ್ಸರ್ ಕೆಟ್ಟ ಸುದ್ದಿ ಬಂದರೂ ವೇಗ ಕಡಿಯಬೇಡ ಅನ್ನುವುದು ಅದರ ಸಾರ. ಕೆಲವು ಸಾಲು ಕೋಡಿಗೆ ಸರ್ಕಾರದ ಒಪ್ಪಿಗೆ ಯಾಕೆ ಅನ್ನಿಸಬಹುದು. ಹೊಗೆ ಪರೀಕ್ಷೆಯನ್ನು ಸಾಫ್ಟ್‌ವೇರಿನಿಂದ ವಂಚಿಸಿದ 2015ರ ಫೋಕ್ಸ್‌ವ್ಯಾಗನ್ ಹಗರಣದ ನಂತರ ಹೊಗೆ ನಿಯಂತ್ರಣವನ್ನು ಪಕ್ಕಕ್ಕಿಡುವ ಸಾಫ್ಟ್‌ವೇರ್ ಅಂದರೆ ಎಲ್ಲರಿಗೂ ನಡುಕ. ಇದೇ ಕಮಿನ್ಸ್ ಕೂಡ ರ‍್ಯಾಮ್ ಪಿಕಪ್ ಗಾಡಿಗಳ ಎಂಜಿನ್‌ಗಳ ಇಂಥದೇ ಪ್ರಕರಣದಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ 2023ರ ಕೊನೆಯಲ್ಲಿ ಒಪ್ಪಿಕೊಂಡಿತು.

ಸೆನ್ಸರ್ ಜೊತೆಗೆ ದ್ರವಕ್ಕೂ ಬರ ಬಂದಿತ್ತು. 2021ರ ಅಕ್ಟೋಬರ್‌ನಲ್ಲಿ ಚೀನಾ ಯೂರಿಯಾ ರಫ್ತಿಗೆ ಬಿಗಿ ಹಾಕಿದಾಗ ದಕ್ಷಿಣ ಕೊರಿಯಾದ ಲಾರಿಗಳು ನಿಲ್ಲುವ ಹಂತಕ್ಕೆ ಬಂದವು, ಆಸ್ಟ್ರೇಲಿಯಾವೂ ತತ್ತರಿಸಿತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಲಾರಿ, ಬಸ್ಸುಗಳಿಗೆ ಡಿಇಎಫ್ ಮಾಮೂಲಾಗಿದೆ. ಗದ್ದೆಗೆ ಹಾಕುವ ಬೇವು ಲೇಪಿತ ಯೂರಿಯಾ ಇದಕ್ಕೆ ಆಗುವುದಿಲ್ಲ. ಅಂದ ಹಾಗೆ, ಯುರೋಪಿನ ಯೂರೋ-6 ನಿಯಮದಲ್ಲಿ ಕೊನೆಯ ಶಿಕ್ಷೆ ಗಂಟೆಗೆ 20 ಕಿ.ಮೀ. ಅಮೆರಿಕದ 8 ಕಿ.ಮೀ.ಗೆ ಹೋಲಿಸಿದರೆ ಹತ್ತಿರದ ಗ್ಯಾರೇಜಿಗಾದರೂ ಹೋಗಬಹುದು.

ಇಪಿಎ ತನ್ನ ಬಿಗಿಯನ್ನು ಸಡಿಲಿಸಿದ್ದು ನಿಧಾನಕ್ಕೆ. 2022ರ ಡಿಸೆಂಬರ್‌ನಲ್ಲಿ, 2027ರ ಮಾಡೆಲ್‌ನಿಂದ ವೇಗ ಕಡಿತ ಮೆಲ್ಲಗೆ ಆಗಬೇಕು ಎಂದು ನಿಯಮ ಬರೆಯಿತು. 2025ರ ಆಗಸ್ಟ್‌ನಲ್ಲಿ ಅದರ ಮುಖ್ಯಸ್ಥ ಲೀ ಝೆಲ್ಡಿನ್ ಅಯೋವಾದ ಜಾತ್ರೆಯಲ್ಲಿ ನಿಂತು ಹಳೆಯ ಗಾಡಿಗಳಿಗೂ ಮಾರ್ಗಸೂಚಿ ಘೋಷಿಸಿದರು. ಭಾರಿ ಗಾಡಿಗಳಲ್ಲಿ ದೋಷ ಕಂಡ ಮೇಲೆ 650 ಮೈಲಿ ಅಥವಾ 10 ಗಂಟೆ ಬರೀ ದೀಪ. ಆಮೇಲೆ ಸ್ವಲ್ಪ ಪಿಕಪ್ ಕಡಿತ. ವೇಗ 25 ಮೈಲಿಗೆ ಇಳಿಯುವುದು 4,200 ಮೈಲಿ ಅಥವಾ ಎರಡು ವಾರದ ಕೆಲಸ ಆದ ಮೇಲೆ. ಘೋಷಣೆಯಲ್ಲಿ ರಾಜಕೀಯ ಇತ್ತು, ಅದು ಬೇರೆ ಮಾತು. ಈ ಸಡಿಲಿಕೆ 2012ರಲ್ಲಿ ಆಂಬುಲೆನ್ಸ್ ಜೊತೆಗೇ ಬರಬಹುದಿತ್ತು ಅನ್ನುವುದು ನನ್ನ ಅನಿಸಿಕೆ.

ಆದರೆ ಇದು ಕಂಪನಿಗಳಿಗೆ ಕೊಟ್ಟ ಸಲಹೆ. ಗಾಡಿ ತಂತಾನೇ ಬದಲಾಗುವುದಿಲ್ಲ, ಒಂದೊಂದು ಎಂಜಿನ್ ಮಾಡೆಲ್‌ಗೂ ಸಾಫ್ಟ್‌ವೇರ್ ಬಂದು ಅದನ್ನು ಹಾಕಿಸಬೇಕು. ಮೋಟಾರ್‌ಹೋಮ್ ಕಡಿಮೆ ಓಡುವುದರಿಂದ ಹತ್ತು ಹನ್ನೆರಡು ವರ್ಷ ಹಳೆಯದೂ ಚೆನ್ನಾಗಿಯೇ ಇರುತ್ತದೆ, ಕೈ ಬದಲಾಗುತ್ತಲೂ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಡಿಇಎಫ್ ಹೆಡ್ ಯಾವಾಗ ಬದಲಿಸಿದ್ದು ಎಂದು ಕೇಳುವುದು ಒಳ್ಳೆಯದು. ಈ ಎಂಜಿನ್ ನಂಬರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೀರಾ ಅಂತಲೂ ಕೇಳಬೇಕು.