ಎರೆಭೂತದ ಒಂದೇ ಮೊಟ್ಟೆ

ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಗೂಡು ಕಟ್ಟುವ ಹಕ್ಕಿಯಲ್ಲ. ಹುಲ್ಲುಗಾವಲಿನಲ್ಲೋ ಬೀಳು ಬಿಟ್ಟ ಹೊಲದಲ್ಲೋ ನೆಲವನ್ನು ತುಸು ಕೆರೆದು ಅಲ್ಲೇ ಮೊಟ್ಟೆ ಇಡುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ. ಸುಮಾರು 27 ದಿನ ಹೆಣ್ಣೊಂದೇ ಕಾವು ಕೂರುತ್ತದೆ. ಮರಿ ಸಾಕುವುದೂ ಅದೇ. ಮೇಯುವ ದನ ತೀರಾ ಹತ್ತಿರ ಬಂದರೆ ಓಡಿಹೋಗದೆ ರೆಕ್ಕೆ ಅಗಲಿಸಿ ಎದುರು ನಿಲ್ಲುವುದುಂಟು. ಆದರೆ ಮೇವಿಗೆಂದು ಅದು ಎದ್ದು ಹೋದ ಹೊತ್ತಿನಲ್ಲಿ ನಾಯಿ, ನರಿ, ಕಾಗೆಗಳಿಂದ ಮೊಟ್ಟೆ ಕಾಯುವವರಿಲ್ಲ.

ಇಂಥ ಹಕ್ಕಿ ದಖ್ಖನ್ನಿನ ರೈತರ ನಡುವೆಯೇ ಬಾಳಿತ್ತು. ಮಳೆ ನಂಬಿದ ಬೇಸಾಯದಲ್ಲಿ ಜೋಳ, ಕಡಲೆ, ಶೇಂಗಾ ಬೆಳೆದು ಹೊಲವನ್ನು ಕೆಲವು ತಿಂಗಳು ಹಾಗೇ ಬಿಡುತ್ತಿದ್ದರು. ಮಿಡತೆ, ಜೀರುಂಡೆ, ಉದುರಿದ ಕಾಳು ಮೇವಾಗುತ್ತಿದ್ದವು. ಬೀಳು ನೆಲ ಮೊಟ್ಟೆಗೆ ಜಾಗವಾಗುತ್ತಿತ್ತು. ಈ ಹಕ್ಕಿಗೆ ಬೇಕಿದ್ದದ್ದು ದಟ್ಟ ಕಾಡಲ್ಲ, ಅವಸರವಿಲ್ಲದ ಹೊಲ. ಇದನ್ನು ಅರಿಯಲು ನಾವು ತುಂಬ ತಡ ಮಾಡಿದೆವು.

ಬೇಟೆ ಹಳೆಯ ಪೆಟ್ಟು. 1972ರ ವನ್ಯಜೀವಿ ಕಾಯ್ದೆ ಅದನ್ನು ನಿಷೇಧಿಸಿತು. ಆದರೆ ಕಾಯ್ದೆಗೆ ನಿಲುಕದ ಬದಲಾವಣೆ ಆಗಲೇ ಶುರುವಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ಕಾಲುವೆ ನೀರು ಹರಿದ ಎರೆ ಹೊಲಗಳಲ್ಲಿ ಭತ್ತ ಬಂತು. ನೀರು ನಿಂತ ಗದ್ದೆಯಲ್ಲಿ, ಬೆಳೆಯ ಬೆನ್ನಿಗೆ ಬೆಳೆ ಹಾಕುವ ಹೊಲದಲ್ಲಿ ನೆಲದ ಮೇಲಿನ ಮೊಟ್ಟೆಗೆ ಎಡೆ ಎಲ್ಲಿ? ರಾಣೆಬೆನ್ನೂರಿನ ಬಯಲಿಗೆ ನೀಲಗಿರಿ ಗಿಡ ಬಂದವು. 1974ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ.

ರಕ್ಷಣೆಯ ದಾರಿಯೂ ಎಡವಿತು. ಮಹಾರಾಷ್ಟ್ರದ ನಾನ್ನಜ್ ಅಭಯಾರಣ್ಯವನ್ನು 1979ರಲ್ಲಿ ಘೋಷಿಸಿದಾಗ ಊರು, ಹೊಲ ಸೇರಿ ಸುಮಾರು 8,500 ಚದರ ಕಿ.ಮೀ. ಅದರೊಳಗೆ ಬಂತು. ಅದನ್ನು 1,222 ಚದರ ಕಿ.ಮೀ.ಗೆ ಇಳಿಸಲು ಮೂರು ದಶಕ ಹಿಡಿಯಿತು. ಮಧ್ಯಪ್ರದೇಶದ ಕರೇರಾದಲ್ಲಿ 1981ರಲ್ಲಿ ಅಭಯಾರಣ್ಯವಾದ ಮೇಲೆ ರೈತರಿಗೆ ತಮ್ಮ ಜಮೀನು ಮಾರಲಾಗದ ಸ್ಥಿತಿ ಬಂತು. ಹಕ್ಕಿಯ ಮೇಲೆಯೇ ಜನರ ಸಿಟ್ಟು ತಿರುಗಿತು. 90ರ ದಶಕದಲ್ಲಿ ಹಕ್ಕಿ ಅಲ್ಲಿಂದ ಕಣ್ಮರೆಯಾಯಿತು. ಯಾರ ಬೀಳಿನಲ್ಲಿ ಅದು ಮೊಟ್ಟೆ ಇಡುತ್ತದೋ ಆ ರೈತರನ್ನೇ ಎದುರಾಳಿ ಮಾಡಿಕೊಂಡದ್ದು ದೊಡ್ಡ ತಪ್ಪು ಎಂದೇ ನಾನು ನಂಬಿದ್ದೇನೆ.

ಈಚಿನ ಕುತ್ತು ವಿದ್ಯುತ್ ತಂತಿ. 15 ಕಿಲೋವರೆಗೆ ತೂಗುವ, ನೇರ ಮುಂದಿನದನ್ನು ಸರಿಯಾಗಿ ಕಾಣದ ಈ ಹಕ್ಕಿ ತಂತಿ ಕಂಡು ತಿರುಗುವಷ್ಟರಲ್ಲಿ ಬಡಿದಿರುತ್ತದೆ. ತಂತಿಗಳನ್ನು ನೆಲದಡಿ ಹಾಕಲು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2024ರಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ವಹಿಸಿತು. ದೇಶದ ಬಯಲುಗಳಲ್ಲಿ ಈಗ ಉಳಿದಿರುವ ಎರೆಭೂತಗಳು 150ರ ಆಸುಪಾಸು, ಬಹುಪಾಲು ರಾಜಸ್ಥಾನದಲ್ಲಿ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು.

ಜೈಸಲ್ಮೇರ್ ಬಳಿಯ ಸಮ್‌ನಲ್ಲಿ 2019ರಿಂದ ಬಯಲಿನ ಮೊಟ್ಟೆ ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದಾರೆ. ಮೊದಲ ಮೊಟ್ಟೆ ಹೋದರೆ ಹೆಣ್ಣು ಮತ್ತೊಂದು ಇಡುವುದುಂಟು. ಯೋಜನೆಗೆ ಅದೇ ಬಲ. ಮುಂದೆ ಆ ಹಕ್ಕಿಗಳನ್ನು ಬಿಡಲು ಬಯಲು ಬೇಕು. ಸಿರುಗುಪ್ಪದಲ್ಲಿ ಒಣ ಬೇಸಾಯ ಬಿಡದ ರೈತರಿಗೆ, ಹೊಲವನ್ನು ಬೀಳು ಬಿಟ್ಟ ತಿಂಗಳುಗಳಿಗೆ, ಮೊಟ್ಟೆ ಕಂಡಲ್ಲಿ ಕುಂಟೆ ಹೊಡೆಯದೆ ನಿಲ್ಲಿಸಿದ್ದಕ್ಕೆ ಸರ್ಕಾರ ಹಣ ಕೊಡಬೇಕು. ಅದು ಆಗಬೇಕಾದದ್ದು ಅಲ್ಲಿನ ಕೊನೆಯ ಹೆಣ್ಣು ಹಕ್ಕಿ ಇರುವಾಗಲೇ.