ವಸ್ತುಗಳು ಉಳಿದವು, ಮನೆಯ ಗತಿ ಏನು?

"ಮುಖ್ಯ ವಸ್ತುಗಳನ್ನೆಲ್ಲ ಮೊದಲೇ ಸಾಗಿಸಿದ್ದರಂತಲ್ಲ, ಪುಣ್ಯ!" ಉಕ್ರೇನಿನ ಸ್ಕೊವೊರೊದಿನಿವ್ಕಾ ಹಳ್ಳಿಯ ಸುಟ್ಟ ಮ್ಯೂಸಿಯಂನ ಚಿತ್ರ ತೋರಿಸಿದಾಗಲೆಲ್ಲ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. ಸಮಾಧಾನಕ್ಕೆ ಹೇಳುವುದೆಂದು ಗೊತ್ತು. ಆದರೂ ಹಳೆಯ ಮನೆಗಳ ಸಂರಕ್ಷಣೆಯನ್ನೇ ಕಸುಬು ಮಾಡಿಕೊಂಡ ನನಗೆ ಅದನ್ನು ಕೇಳಿದಾಗ ಸಹನೆ ತಪ್ಪುತ್ತದೆ. ಬೆಂಕಿ, ಮಳೆಗಳಿಂದ ಬದುಕಿಕೊಂಡ ಮನೆಗಳು ವಸ್ತುಗಳು ಉಳಿದರೆ ಸಾಕೆಂಬ ಈ ಒಂದು ತಿಳಿವಳಿಕೆಯಿಂದ ನೆಲಸಮವಾದದ್ದನ್ನು ನೋಡಿದ್ದೇನೆ.

2022ರ ಮೇ 6ರ ರಾತ್ರಿ, 7ರ ಬೆಳಗಿನೊಳಗೆ, ರಷ್ಯಾದ ಕ್ಷಿಪಣಿಯೊಂದು ಖಾರ್ಕಿವ್ ಪ್ರಾಂತ್ಯದ ಈ ಹಳ್ಳಿಯ ಮ್ಯೂಸಿಯಂ ಮೇಲೆ ಬಿತ್ತು. ಚಾವಣಿ ಹೋಯಿತು, ಬೆಂಕಿ ಕೋಣೆಯಿಂದ ಕೋಣೆಗೆ ಹಬ್ಬಿತು, ಒಳಗೆ ಕಾವಲಿದ್ದವರೊಬ್ಬರು ಗಾಯಗೊಂಡರು. ಅಮೂಲ್ಯ ವಸ್ತುಗಳನ್ನು ಅಷ್ಟರಲ್ಲಾಗಲೇ ಬೇರೆಡೆಗೆ ಸಾಗಿಸಲಾಗಿತ್ತು. ಮಸಿ ಹಿಡಿದ ಗೋಡೆಗಳ ನಡುವೆ ನಿಂತೇ ಇದ್ದ ದಾರ್ಶನಿಕ ಹ್ರಿಹೊರಿಯ್ ಸ್ಕೊವೊರೊದಾನ ಪ್ರತಿಮೆಯ ಫೋಟೊ ಜಗತ್ತಿನೆಲ್ಲೆಡೆ ಹರಡಿತು. ಆತ ಹುಟ್ಟಿ 300 ವರ್ಷ ತುಂಬಬೇಕಿದ್ದ ವರ್ಷ ಅದು.

ಆದರೆ ಸ್ಕೊವೊರೊದಾನಿಗೆ ವಸ್ತುಗಳೆಂದು ಇದ್ದದ್ದಾದರೂ ಎಷ್ಟು? ಖಾರ್ಕಿವ್‌ನಲ್ಲಿ ಮೇಷ್ಟರಾಗಿದ್ದವನು, ಆ ಕೆಲಸವನ್ನೂ ಬಿಟ್ಟು, ಬದುಕಿನ ಕೊನೆಯ ಕಾಲು ಶತಮಾನ ಊರೂರು ತಿರುಗಿದ. ಕರೆದವರ ಮನೆಯಲ್ಲಿ ಉಂಡ, ಮಲಗಿದ, ಬರೆದ. ನಮ್ಮ ಜಂಗಮರನ್ನು ಬಲ್ಲವರಿಗೆ ಈ ಬದುಕನ್ನು ಬಿಡಿಸಿ ಹೇಳಬೇಕಿಲ್ಲ. 1794ರಲ್ಲಿ ಕೊವಲೆವ್‌ಸ್ಕಿ ಮನೆತನದ ಈ ಎಸ್ಟೇಟಿನಲ್ಲಿ ತೀರಿಕೊಂಡ. ಸಮಾಧಿಯೂ ಇಲ್ಲೇ ಇದೆ. ಲೋಕ ನನ್ನನ್ನು ಹಿಡಿಯಲು ನೋಡಿತು, ಹಿಡಿಯಲಾಗಲಿಲ್ಲ ಎಂಬ ಅವನ ಮಾತು ಅದರ ಮೇಲಿದೆ. ಪಾನ್-ಇವಾನಿವ್ಕಾ ಎಂದಿದ್ದ ಊರಿಗೆ 1922ರಲ್ಲಿ ಅವನ ಹೆಸರಿಟ್ಟರು, 1972ರಲ್ಲಿ ಮ್ಯೂಸಿಯಂ ತೆರೆದರು.

ಹೀಗೆ ಆಸ್ತಿಯೇ ಬೇಡವೆಂದವನ ಮ್ಯೂಸಿಯಂನಲ್ಲಿ "ಮುಖ್ಯ ವಸ್ತು" ಯಾವುದು? ಅವನು ಕೊನೆಯುಸಿರೆಳೆದ ಮನೆ, ಓಡಾಡಿದ ತೋಟ, ಮಣ್ಣಾದ ಜಾಗ. ಪುಸ್ತಕ, ಹಸ್ತಪ್ರತಿಗಳನ್ನು ವ್ಯಾನಿನಲ್ಲಿ ಕಳಿಸಬಹುದು. ಮನೆಯನ್ನು ಕಳಿಸಲಾಗದು. ನಾನು ಮತ್ತೆ ಮತ್ತೆ ಹೇಳುವುದು ಇಷ್ಟೇ: ಇಂಥ ಕಡೆ ಕಟ್ಟಡವೇ ಪ್ರದರ್ಶನದ ಮೊದಲ ವಸ್ತು. ದಾಖಲೆ ಪುಸ್ತಕದಲ್ಲಿ ಅದಕ್ಕೂ ಒಂದು ಪುಟ ಇರಬೇಕು, ಕೋಣೆ ಕೋಣೆಯ ಅಳತೆ ಸಮೇತ.

ಎಲ್ಲ ಎಸ್ಟೇಟುಗಳಿಗೂ ಒಂದೇ ಲೆಕ್ಕ ಹಾಕುತ್ತಿಲ್ಲ. ಅದೇ ಖಾರ್ಕಿವ್ ಪ್ರಾಂತ್ಯದ ಪಾರ್ಖೊಮಿವ್ಕಾ ಹಳ್ಳಿಗೆ ಬನ್ನಿ. ಅಫನಾಸಿ ಲುನ್ಯೊವ್ ಎಂಬ ಶಾಲಾ ಮೇಷ್ಟ್ರು 1955ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿ ಮ್ಯೂಸಿಯಂ ಶುರು ಮಾಡಿದರು. ಕೇಳಿ, ಕಾಡಿ, ಬೇಡಿ ಕೂಡಿಸಿದ ಸಂಗ್ರಹದಲ್ಲಿ ಪಿಕಾಸೊ ಕೃತಿಯೂ ಸೇರಿತು. ಬಂದವರಿಗೆ ತೋರಿಸಿ ವಿವರಿಸುತ್ತಿದ್ದವರು ಶಾಲೆಯ ಮಕ್ಕಳೇ. ಆ ಮೇಷ್ಟ್ರ ಬಗ್ಗೆ ನನಗೆ ಅಪಾರ ಗೌರವ. ಅಲ್ಲಿ ಹಳೆಯ ಜಮೀನ್ದಾರಿ ಮನೆ ಸಂಗ್ರಹಕ್ಕೆ ಸಿಕ್ಕ ಆಸರೆ. ಚಿತ್ರಗಳನ್ನು ಸಾಗಿಸಿದರೆ ಮ್ಯೂಸಿಯಂನ ಜೀವವನ್ನೇ ಸಾಗಿಸಿದಂತೆ. ಚೆರ್ನಿಹಿವ್ ಪ್ರಾಂತ್ಯದ ಕಚಾನಿವ್ಕಾದ ಕಥೆ ಇನ್ನೊಂದು ಬಗೆಯದು. ಆ ಎಸ್ಟೇಟಿನ ಒಡೆಯರಾಗಿದ್ದ ತರ್ನೊವ್‌ಸ್ಕಿಯವರು ಕೂಡಿಸಿದ, ಕೊಸಾಕರೆಂಬ ಉಕ್ರೇನಿನ ಯೋಧರ ಕಾಲದ ವಸ್ತುಗಳು ಚೆರ್ನಿಹಿವ್ ನಗರದ ಪಾಲಾದವು, ಅರಮನೆ ಮತ್ತು ಉದ್ಯಾನ ಊರಲ್ಲೇ ಉಳಿದವು. ಯಾವ ಊರಲ್ಲಿ ತೂಕ ಯಾವುದರದು ಎಂದು ಮೊದಲೇ ಗುರುತಿಸಿಟ್ಟುಕೊಂಡಿರಬೇಕು. ಬೆಂಕಿ ಬಿದ್ದ ಮೇಲೆ ಆ ಚರ್ಚೆಗೆ ಸಮಯವಿರುವುದಿಲ್ಲ.

ಮಲೆನಾಡಿನ ಒಂದು ಹಳೆಯ ಮನೆಯ ನೆನಪಾಗುತ್ತದೆ. ಮಳೆಗೆ ಚಾವಣಿ ಕುಸಿದಿತ್ತು. ನೋಡಿಕೊಳ್ಳುತ್ತಿದ್ದ ಸಮಿತಿಯವರು ಹಿರಿಯರ ಭಾವಚಿತ್ರ, ಮಂಚ, ಪುಸ್ತಕಗಳನ್ನು ಜೋಪಾನವಾಗಿ ಎತ್ತಿಟ್ಟು, ತೊಲೆ ಹೆಂಚುಗಳನ್ನು ಮಾರಿ, ಮಿಕ್ಕಿದ್ದನ್ನು ಟ್ರಾಕ್ಟರಿನಲ್ಲಿ ಹೊರಹಾಕಿದ ಮೇಲೆ ನನಗೆ ಫೋನ್ ಮಾಡಿದರು. "ಈಗ ಜಾಗ ಸ್ವಚ್ಛವಾಗಿದೆ, ಮೊದಲಿನಂತೆಯೇ ಕಟ್ಟಿಕೊಡಿ." ಆ ಮನೆಗೆ ಸೊಸೆಯಾಗಿ ಬಂದಿದ್ದ ಅಜ್ಜಿಯೊಬ್ಬರು ಮಾತ್ರ ಒಡೆದ ಬಾಗಿಲುವಾಡದ ತುಂಡುಗಳನ್ನು ಹಿತ್ತಲಲ್ಲಿ ಮುಚ್ಚಿಟ್ಟಿದ್ದರು. ಕೆತ್ತನೆಯ ಅಳತೆ ಸಿಕ್ಕಿದ್ದು ಅದರಿಂದಲೇ.

ಬೆಂಕಿ ಆರಿದ ಮೇಲೆ ಮನೆಗೆ ಮೊದಲ ಶತ್ರು ನೀರು. ಉರಿ ನಂದಿಸಲು ಸುರಿದ ನೀರು, ಆಮೇಲೆ ತೆರೆದ ಗೋಡೆಯ ನೆತ್ತಿಗೆ ಬೀಳುವ ಮಳೆ, ಎರಡನ್ನೂ ಹಳೆಯ ಇಟ್ಟಿಗೆ ಹೀರಿಕೊಳ್ಳುತ್ತದೆ. ಖಾರ್ಕಿವ್ ಕಡೆಯ ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರಿನ ಗಾತ್ರ ಶೇ. 9ರಷ್ಟು ಹಿಗ್ಗುತ್ತದೆ. ಇಟ್ಟಿಗೆಯ ಮುಖ ಪದರ ಪದರವಾಗಿ ಸಿಡಿಯುತ್ತದೆ. ಕರಗಿ, ಮತ್ತೆ ಹೆಪ್ಪುಗಟ್ಟಿ, ಬೆಂಕಿ ಬಿಟ್ಟ ಗೋಡೆಯನ್ನು ಹಿಮ ಮುಗಿಸುತ್ತದೆ. ಆದ್ದರಿಂದ ನಕ್ಷೆ, ನಿಧಿ, ಟೆಂಡರು ಎಲ್ಲಕ್ಕಿಂತ ಮೊದಲು ತಾತ್ಕಾಲಿಕ ಚಾವಣಿ ಬೇಕು. ತಗಡಿನದಾದರೂ ಸರಿ, ಅದರ ಭಾರ ಸುಟ್ಟ ಗೋಡೆಯ ಮೇಲೆ ಬೀಳದೆ ಸ್ವಂತ ಕಾಲಿನ ಮೇಲೆ ನಿಲ್ಲಬೇಕು, ಗಾಳಿಯಾಡಲು ಅವಕಾಶವಿರಬೇಕು. ದಾನಿಗಳಿಗೆ ಇದು ರುಚಿಸುವುದಿಲ್ಲ. ತಗಡಿನ ಮೇಲೆ ಯಾರ ಹೆಸರನ್ನೂ ಕೆತ್ತಲಾಗದಲ್ಲ.

ಎರಡನೆಯದು ಅವಶೇಷ. ಯಾವ ಕೋಣೆಯದ್ದೆಂದು ಗುರುತು ಹಾಕಿ ವಿಂಗಡಿಸಬೇಕು. ಕರಕಲಾದ ತೊಲೆಯೆಲ್ಲ ಬೂದಿಯಲ್ಲ. ಮೇಲಿನ ಇದ್ದಿಲ ಪದರವೇ ಒಳಗಿನ ಮರವನ್ನು ಕಾದಿರುತ್ತದೆ. ಕೆರೆದು ನೋಡಿದರೆ ಒಮ್ಮೊಮ್ಮೆ ಭಾರ ಹೊರುವಷ್ಟು ತಿರುಳು ಸಿಗುತ್ತದೆ. ಒಮ್ಮೊಮ್ಮೆ ಎಂದೇ ಹೇಳುತ್ತಿದ್ದೇನೆ, ಗಮನಿಸಿ. ಫೋಟೊ ನೋಡಿ ಗೋಡೆಯ ಅಥವಾ ಮರದ ಬಲ ಹೇಳುವವರನ್ನು ನಂಬಬೇಡಿ. ಅದನ್ನು ಸ್ಥಳದಲ್ಲಿ ನಿಂತ ಇಂಜಿನಿಯರೇ ಪರೀಕ್ಷಿಸಿ ಹೇಳಬೇಕು. ಯುದ್ಧ ನಡೆದ ನೆಲದಲ್ಲಿ ಸಿಡಿಯದೆ ಉಳಿದ ಸ್ಫೋಟಕಗಳ ತಪಾಸಣೆ ಮುಗಿಯುವ ಮುನ್ನ ಯಾರೂ ಒಳಗೆ ಕಾಲಿಡಲೂ ಬಾರದು.

"ಮೊದಲಿನಂತೆ" ಎಂದರೆ ಯಾವ ಮೊದಲು? ಸ್ಕೊವೊರೊದಾ ತೀರಿಕೊಂಡ 1794ರ ಮನೆಯೋ, 1972ರ ಸೋವಿಯತ್ ಮ್ಯೂಸಿಯಮ್ಮೋ, ಕ್ಷಿಪಣಿ ಬೀಳುವ ಹಿಂದಿನ ದಿನದ ಕಟ್ಟಡವೋ? ಸುಟ್ಟದ್ದೂ ಈಗ ಆ ಮನೆಯ ಚರಿತ್ರೆಯೇ. ನನ್ನನ್ನು ಕೇಳಿದರೆ, ನಿಲ್ಲಬಲ್ಲ ಹಳೆಯ ಗೋಡೆಗಳನ್ನೆಲ್ಲ ಉಳಿಸಿಕೊಂಡು, ಹೊಸದಾಗಿ ಸೇರಿಸಿದ ಭಾಗ ಹೊಸದೆಂದೇ ಕಾಣುವಂತೆ ಕಟ್ಟಬೇಕು. ಒಂದು ಕೋಣೆಯಲ್ಲಾದರೂ ಮಸಿಯನ್ನು ಹಾಗೇ ಬಿಡಬೇಕು. ಆದರೆ ತೀರ್ಮಾನ ಆ ಊರಿನವರದು. ದಿನವೂ ಆ ಗೋಡೆಯ ಮುಂದೆ ಓಡಾಡಬೇಕಾದವರು ಮಸಿ ಬೇಡವೆಂದರೆ ಸುಣ್ಣ ಬಳಿಯಲಿ. ಸಿಮೆಂಟ್ ಮಾತ್ರ ಮೆತ್ತದಿರಲಿ. ಅದು ಹಳೆಯ ಗೋಡೆಯೊಳಗಿನ ತೇವವನ್ನು ಹೊರಬಿಡದೆ, ಇಟ್ಟಿಗೆಯನ್ನು ಒಳಗಿಂದೊಳಗೇ ಕೊಳೆಸುತ್ತದೆ.